ನೂರನೇ ಓಟದ ದಿನ ಕಾಲು ಯಾಕೆ ನೋಯಲಿಲ್ಲ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಪಾರ್ಕುಗಳಲ್ಲಿ ‘ಪಾರ್ಕ್‌ರನ್’ ಎಂಬ ಐದು ಕಿಲೋಮೀಟರಿನ ಓಟ ನಡೆಯುತ್ತದೆ. ಯಾರು ಬೇಕಾದರೂ ಬರಬಹುದು, ದುಡ್ಡು ಕೊಡಬೇಕಿಲ್ಲ, ಓಡಲಾಗದವರು ನಡೆಯಬಹುದು. ಈಚೆಗೆ ಇವರದು ನೂರನೇ ಓಟ. ಗೆಳತಿಯರೆಲ್ಲ ಸೇರಿ ಇವರ ಬೆನ್ನಿಗೆ ‘100’ ಎಂಬ ಚೀಟಿ ಅಂಟಿಸಿ, ಹರಟುತ್ತ ನಗುತ್ತ ಜೊತೆಯಲ್ಲೇ ಓಡಿದರಂತೆ. “ಒಬ್ಬಳೇ ಓಡಿದರೆ ಮೂರನೇ ಕಿಲೋಮೀಟರಿಗೇ ಮೊಣಕಾಲು ನೋಯಲು ಶುರುವಾಗುತ್ತದೆ. ಅವತ್ತು ಐದೂ ಮುಗಿದದ್ದೇ ತಿಳಿಯಲಿಲ್ಲ. ಎಲ್ಲ ಎಂಡಾರ್ಫಿನ್ ಮಹಿಮೆ ಅನ್ನುತ್ತಾರೆ. ಹಾಗಾದರೆ ಒಬ್ಬಳೇ ಓಡುವಾಗ ಆ ಎಂಡಾರ್ಫಿನ್ ಎಲ್ಲಿ ಹೋಗಿರುತ್ತದೆ?”

ಬಹಳ ಒಳ್ಳೆಯ ಪ್ರಶ್ನೆ. ಓಡಿದರೆ ಎಂಡಾರ್ಫಿನ್, ಎಂಡಾರ್ಫಿನ್ ಬಂದರೆ ಖುಷಿ ಎಂಬ ವಿವರಣೆ ಜಿಮ್ಮಿನ ಗೋಡೆಯಿಂದ ಹಿಡಿದು ಬೂಟಿನ ಜಾಹೀರಾತಿನವರೆಗೆ ಎಲ್ಲೆಲ್ಲೂ ಇದೆ. ಆದರೆ ಖುಷಿ ಬರೀ ಓಟದಿಂದ ಬರುವುದಾದರೆ ಪಕ್ಕದಲ್ಲಿ ಗೆಳತಿ ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಈ ವಿವರಣೆ ಎಷ್ಟು ಗಟ್ಟಿ ಎಂದು ನೋಡಲು ಅದು ಹುಟ್ಟಿದ ಕಾಲಕ್ಕೇ ಹೋಗಬೇಕು.

1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅವರು ಮಿದುಳಿನಲ್ಲಿ ಅಫೀಮಿನ ಅಣುಗಳು ಬಂದು ಕೂರುವ ಗ್ರಾಹಕಗಳಿವೆ ಎಂದು ತೋರಿಸಿದರು. ಗಸಗಸೆ ಗಿಡದ ಹಾಲಿಗಾಗಿ ಮನುಷ್ಯನ ಮಿದುಳು ಜಾಗ ಕಾದಿರಿಸಿಕೊಂಡಿರಲು ಸಾಧ್ಯವಿಲ್ಲವಷ್ಟೆ. ಅಂದಮೇಲೆ ಅಂಥದೇ ವಸ್ತುವೊಂದು ದೇಹದೊಳಗೇ ತಯಾರಾಗುತ್ತಿರಬೇಕು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಅದರ ಬೆನ್ನು ಹತ್ತಿದ್ದರು. ಹ್ಯೂಸ್ ನಸುಕಿನಲ್ಲೇ ಸೈಕಲ್ ತುಳಿದುಕೊಂಡು ಕಸಾಯಿಖಾನೆಗೆ ಹೋಗಿ ಹಂದಿಗಳ ಮಿದುಳು ತರುತ್ತಿದ್ದರು. ಅದನ್ನು ಅರೆದು, ಸೋಸಿ, ಶುದ್ಧಗೊಳಿಸಿ 1975ರಲ್ಲಿ ಎನ್‌ಕೆಫಲಿನ್ ಎಂಬ ಎರಡು ಪುಟ್ಟ ಅಣುಗಳನ್ನು ಜಗತ್ತಿಗೆ ತೋರಿಸಿದರು. ಇವುಗಳ ಬಂಧುಗಳೇ ಎಂಡಾರ್ಫಿನ್‌ಗಳು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಓಟದ ಹುಚ್ಚು ಏರುತ್ತಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಫ್ರಾಂಕ್ ಶಾರ್ಟರ್ ಚಿನ್ನ ಗೆದ್ದಿದ್ದರು. 1977ರಲ್ಲಿ ಜಿಮ್ ಫಿಕ್ಸ್ ಓಟದ ಬಗ್ಗೆ ಬರೆದ ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಓಡಿದ ಮೇಲೆ ಮನಸ್ಸು ಹಗುರಾಗುವ ಅನುಭವ ಸಾವಿರಾರು ಜನರಿಗಿತ್ತು. ಪ್ರಯೋಗಾಲಯದಲ್ಲಿ ‘ದೇಹದ ಸ್ವಂತ ಅಫೀಮು’ ಸಿಕ್ಕಿತ್ತು. ಎರಡಕ್ಕೂ ಗಂಟು ಬಿದ್ದಿತು. ಓಡಿಬಂದವರ ತೋಳಿನಿಂದ ರಕ್ತ ತೆಗೆದು ನೋಡಿದರೆ ಎಂಡಾರ್ಫಿನ್ ಹೆಚ್ಚಾಗಿಯೇ ಇತ್ತು.

ತೊಡಕು ಇರುವುದು ಅಲ್ಲಿಯೇ. ರಕ್ತದಲ್ಲಿ ಇರುವುದೆಲ್ಲ ಮಿದುಳಿಗೆ ಹೋಗುವುದಿಲ್ಲ. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿದ್ದು, ದೊಡ್ಡ ಅಣುಗಳನ್ನು ತಡೆಯುತ್ತವೆ. ಬೀಟಾ ಎಂಡಾರ್ಫಿನ್ 31 ಅಮೈನೊ ಆಮ್ಲಗಳ ಸರಪಳಿ. ಅದು ಸುಲಭವಾಗಿ ದಾಟಲಾರದು. ತೋಳಿನ ರಕ್ತದಲ್ಲಿ ಅದು ಎಷ್ಟೇ ಇದ್ದರೂ ಮಿದುಳಿನೊಳಗೆ ಏನಾಗುತ್ತಿದೆ ಎಂದು ಅದರಿಂದ ಹೇಳಲಾಗದು. ಮಿದುಳು ತನ್ನ ಎಂಡಾರ್ಫಿನನ್ನು ತಾನೇ ಸುರಿಸಿಕೊಳ್ಳಬಹುದು, ನಿಜ. 2008ರಲ್ಲಿ ಜರ್ಮನಿಯ ಹೆನಿಂಗ್ ಬೋಕರ್ ತಂಡ ಹತ್ತು ಮಂದಿ ಓಟಗಾರರ ಮಿದುಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಿ, ಓಟದ ನಂತರ ಅಲ್ಲಿ ಅಫೀಮಿನಂಥ ವಸ್ತುಗಳು ಬಿಡುಗಡೆಯಾಗಿರುವ ಸೂಚನೆ ಇದೆ ಎಂದಿತು. ಆದರೆ ಅವರು ಓಡಿದ್ದು ಎರಡು ಗಂಟೆ. ಪಾರ್ಕಿನ ಐದು ಕಿಲೋಮೀಟರ್ ಅರ್ಧ ಮುಕ್ಕಾಲು ಗಂಟೆಯ ಮಾತು.

ಈ ನಡುವೆ ಇನ್ನೊಂದು ಅಣು ಬಂತು. 1992ರಲ್ಲಿ ಜೆರುಸಲೇಮಿನಲ್ಲಿ ರಫಾಯೆಲ್ ಮೆಶೂಲಮ್ ಅವರ ಪ್ರಯೋಗಾಲಯದ ವಿಲಿಯಂ ಡಿವೇನ್ ಮತ್ತು ಲುಮೀರ್ ಹನುಶ್, ಗಾಂಜಾದ ಗ್ರಾಹಕಗಳಿಗೆ ಅಂಟಿಕೊಳ್ಳುವ ದೇಹದ ಸ್ವಂತ ಅಣುವೊಂದನ್ನು ಹುಡುಕಿದರು. ಇದೂ ಸಿಕ್ಕಿದ್ದು ಹಂದಿಯ ಮಿದುಳಿನಲ್ಲೇ. ನಮ್ಮ ‘ಆನಂದ’ವನ್ನೇ ಸೇರಿಸಿ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಇದು ಕೊಬ್ಬಿನ ಜಾತಿಯ ಪುಟ್ಟ ಅಣು. ಎಂಡಾರ್ಫಿನನ್ನು ತಡೆಯುವ ಗೋಡೆಯನ್ನು ಸಲೀಸಾಗಿ ದಾಟುತ್ತದೆ. ಓಟದ ಅಥವಾ ಸೈಕಲ್ ತುಳಿತದ ನಂತರ ಕಾಲೇಜು ಹುಡುಗರ ರಕ್ತದಲ್ಲಿ ಅದು ಏರುತ್ತದೆಂದು 2003ರಲ್ಲಿ ಗೊತ್ತಾಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಪುರಾವೆ 2021ರದು. ಜರ್ಮನಿಯ ಯೊಹಾನ್ನೆಸ್ ಫುಸ್ ಮತ್ತು ಸಂಗಡಿಗರು 63 ಮಂದಿಯನ್ನು ಸೇರಿಸಿಕೊಂಡು, ಕೆಲವರಿಗೆ ಎಂಡಾರ್ಫಿನ್ನಿನ ಗ್ರಾಹಕಗಳನ್ನು ಮುಚ್ಚಿಬಿಡುವ ನಾಲ್ಟ್ರೆಕ್ಸೋನ್ ಎಂಬ ಔಷಧಿ, ಉಳಿದವರಿಗೆ ಬರೀ ಹುಸಿ ಗುಳಿಗೆ ಕೊಟ್ಟು, ಮುಕ್ಕಾಲು ಗಂಟೆ ಓಡಿಸಿದರು. ಎಂಡಾರ್ಫಿನ್ನಿನ ಬಾಗಿಲು ಮುಚ್ಚಿದ್ದವರಿಗೂ ಓಟದ ಖುಷಿ ಬಂತು, ಆತಂಕ ಇಳಿಯಿತು. ಹೀಗಾಗಿ ಎಂಡಾರ್ಫಿನ್ನಿಗೆ ಸಂದ ಹೊಗಳಿಕೆಯ ದೊಡ್ಡ ಪಾಲನ್ನು ವಾಪಸು ಪಡೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ಓದುಗರ ಪ್ರಶ್ನೆ ಹಾಗೇ ಉಳಿಯಿತು. ಎಂಡಾರ್ಫಿನ್ ಇರಲಿ, ಆನಂದಮೈಡ್ ಇರಲಿ, ಜೊತೆಯಲ್ಲಿ ಓಡುವುದಕ್ಕೂ ಒಂಟಿಯಾಗಿ ಓಡುವುದಕ್ಕೂ ವ್ಯತ್ಯಾಸ ಏಕೆ?

ಇದನ್ನು ಚೆಲುವಾಗಿ ಹಿಡಿದು ತೋರಿಸಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಮ್ಮಾ ಕೋಹೆನ್, ರಾಬಿನ್ ಡನ್ಬಾರ್ ಮತ್ತು ಅವರ ಜೊತೆಗಾರರು. ಆ ಅಧ್ಯಯನ 2010ರ ಹೊತ್ತಿಗೆ ಪ್ರಕಟವಾಯಿತು. ಅವರು ಆರಿಸಿಕೊಂಡಿದ್ದು ದೋಣಿ ಸ್ಪರ್ಧೆಗೆ ತಯಾರಾಗುತ್ತಿದ್ದ ಹನ್ನೆರಡು ಹುಟ್ಟುಗಾರರನ್ನು. ವ್ಯಾಯಾಮದ ಯಂತ್ರದ ಮೇಲೆ ಕೂತು 45 ನಿಮಿಷ ಹುಟ್ಟು ಹಾಕಬೇಕು. ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ತಂಡವಾಗಿ, ಎಲ್ಲರ ಕೈಯೂ ಒಂದೇ ಲಯದಲ್ಲಿ. ಮೊದಲೂ ಕೊನೆಗೂ ಅವರ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ತುಂಬುತ್ತ ಹೋಗುವುದು. ಇನ್ನು ಸಾಕು ಅನ್ನಿಸಿದೊಡನೆ ಅವರು ಹೇಳಬೇಕು. ಆಗ ಪಟ್ಟಿಯ ಒತ್ತಡ ಎಷ್ಟಿತ್ತೋ ಅದೇ ಅವರ ನೋವಿನ ಮಿತಿ. ಒಂಟಿಯಾಗಿ ದುಡಿದಾಗಲೂ ಆ ಮಿತಿ ಏರಿತು. ತಂಡವಾಗಿ ದುಡಿದಾಗ ಅದಕ್ಕಿಂತ ಬಹಳ ಹೆಚ್ಚು ಏರಿತು. ಯಂತ್ರದಲ್ಲಿ ದಾಖಲಾದ ಶ್ರಮ ಮಾತ್ರ ಎರಡೂ ದಿನ ಹೆಚ್ಚುಕಡಿಮೆ ಒಂದೇ. ದೇಹ ಸುರಿಸಿದ ಬೆವರು ಅಷ್ಟೇ, ನೋವು ತಡೆಯುವ ಶಕ್ತಿ ಹೆಚ್ಚು.

ನಮ್ಮ ಹಳ್ಳಿಯ ಹೆಂಗಸರಿಗೆ ಈ ಫಲಿತಾಂಶ ಕೇಳಿದರೆ ಆಶ್ಚರ್ಯವೇ ಆಗುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬರುವ ಮುಂಚೆ ರಾಗಿ, ಜೋಳ ಎಲ್ಲ ಬೀಸುವ ಕಲ್ಲಿನಲ್ಲೇ ಆಗಬೇಕಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ಇಬ್ಬರು ಎದುರುಬದುರು ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಒಬ್ಬಳು ಎಳೆದರೆ ಇನ್ನೊಬ್ಬಳು ತಳ್ಳಬೇಕು. ನಡುನಡುವೆ ಒಂದು ಕೈಯಲ್ಲಿ ಹಿಡಿ ಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕಬೇಕು, ಸುತ್ತು ನಿಲ್ಲಬಾರದು. ಅದರ ಜೊತೆಗೇ ಪದ. ಒಬ್ಬಳು ಎತ್ತಿಕೊಂಡ ಸಾಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಸಾಲು ಮುಗಿಯುವುದಕ್ಕೂ ಕಲ್ಲು ಸುತ್ತು ಮುಗಿಸುವುದಕ್ಕೂ ಹೊಂದಿಕೆ ಇರುತ್ತದೆ. ಕಲ್ಲಿನ ಭಾರ ಪದ ಹಾಡಿದ್ದರಿಂದ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಆದರೂ ಒಬ್ಬಳೇ ಮೌನವಾಗಿ ಬೀಸಿದರೆ ಬೇಗ ಸೋಲುವ ತೋಳು, ಜೊತೆಗಾತಿ ಇದ್ದು ಪದ ನಡೆದಿದ್ದರೆ ಮೊರ ತುಂಬ ಹಿಟ್ಟು ಮಾಡಿ ಮುಗಿಸುತ್ತದೆ. ಗದ್ದೆಯ ನಾಟಿಯಲ್ಲೂ ಅದೇ ಲೆಕ್ಕ. ಆಕ್ಸ್‌ಫರ್ಡಿನವರು ಬಿಪಿ ಪಟ್ಟಿಯಲ್ಲಿ ಅಳೆದಿದ್ದು ಈ ತೋಳಿನ ಅನುಭವವನ್ನೇ ಎಂದು ನಾನು ನಂಬಿದ್ದೇನೆ. ಒಂದು ಎಚ್ಚರಿಕೆ: ನೋವಿನ ಮಿತಿ ಏರಿದೆ ಎಂದರೆ ಮೊಣಕಾಲು ಸರಿಹೋಗಿದೆ ಎಂದಲ್ಲ. ಗುಂಪಿನಲ್ಲಿ ಓಡಿದ ದಿನ ತಿಳಿಯದ ಉಳುಕು ಮರುದಿನ ತಿಳಿಯಬಹುದು. ಒಂಟಿಯಾಗಿ ಓಡುವಾಗ ಪ್ರತಿ ಸಲ ಅದೇ ಜಾಗದಲ್ಲಿ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹನ್ನೆರಡೇ ಜನರ ಪ್ರಯೋಗವನ್ನು ಎಲ್ಲರಿಗೂ ಅನ್ವಯಿಸಬಹುದೇ ಎಂದು ಕೇಳುವವರು ಇದ್ದಾರೆ, ಕೇಳಲೇಬೇಕು. ಅದೇ ಕೋಹೆನ್ ಮುಂದೆ ಆರನ್ ಡೇವಿಸ್ ಜೊತೆ ಸೇರಿ ನೇರವಾಗಿ ಪಾರ್ಕ್‌ರನ್ನಿಗೇ ಹೋದರು. 2021ರಲ್ಲಿ ಬಂದ ಆ ಅಧ್ಯಯನದಲ್ಲಿ ಶನಿವಾರದ ಓಟಗಾರರನ್ನು ವಾರವಾರವೂ ಪ್ರಶ್ನಿಸಿದ್ದರು. ಜನರೊಂದಿಗೆ ಬೆರೆತೆ, ಇವರೆಲ್ಲ ನನ್ನವರು ಅನ್ನಿಸಿತು ಎಂದವರು ಹೆಚ್ಚು ಖುಷಿಯನ್ನೂ ಹೆಚ್ಚು ಹುರುಪನ್ನೂ ಹೇಳಿಕೊಂಡರು. ಹುರುಪು ಹೆಚ್ಚಿದ್ದವರ ಓಟದ ಸಮಯ ಕಡಿಮೆಯೂ ಆಗಿತ್ತು.

ಪಾರ್ಕ್‌ರನ್ ಹುಟ್ಟಿದ್ದೂ ಗೆಳೆಯರಿಗಾಗಿಯೇ. ಅದನ್ನು ಶುರುಮಾಡಿದ ಪಾಲ್ ಸಿಂಟನ್ ಹೆವಿಟ್ ಆಗ ಪೆಟ್ಟು ಮಾಡಿಕೊಂಡು ಓಡಲಾರದ ಸ್ಥಿತಿಯಲ್ಲಿದ್ದರು. ಓಡದಿದ್ದರೆ ಜೊತೆಗಾರರ ಭೇಟಿಯೂ ತಪ್ಪುತ್ತದೆ. ಹಾಗಾಗಿ 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ ತಾವೇ ಸಮಯ ಬರೆದುಕೊಳ್ಳಲು ನಿಂತು ಗೆಳೆಯರನ್ನು ಓಡಿಸಿದರು. ಓಡಿದವರು ಹದಿಮೂರು ಮಂದಿ. ಮುಗಿದ ಮೇಲೆ ಕಾಫಿ. ಆ ದಿನಗಳಲ್ಲಿ ಗುರಿ ಮುಟ್ಟಿದವರ ಕೈಗೆ ಕೊಡುತ್ತಿದ್ದುದು ಹಾರ್ಡ್‌ವೇರ್ ಅಂಗಡಿಯ ವಾಷರ್. ಅದರ ಮೇಲೆ ನಂಬರು ಕುಟ್ಟಿರುತ್ತಿತ್ತು. ಈಗ ಬಾರ್‌ಕೋಡ್ ಬಂದಿದೆ, ಓಟ ಹಲವು ದೇಶಗಳಿಗೆ ಹರಡಿದೆ. ಕಾಫಿಯನ್ನು ಮಾತ್ರ ಯಾರೂ ಬಿಟ್ಟಿಲ್ಲ.

ನೂರು ಎಂಬ ಅಂಕಿಗೂ ಇದರಲ್ಲಿ ಪಾತ್ರವಿದೆ. 50 ಓಟ ಮುಗಿಸಿದವರಿಗೆ ಕೆಂಪು, 100ಕ್ಕೆ ಕಪ್ಪು, 250ಕ್ಕೆ ಹಸಿರು ಟೀಶರ್ಟು ತೊಡುವ ಹಕ್ಕು. 99ನೇ ಓಟಕ್ಕೂ 100ನೇ ಓಟಕ್ಕೂ ಸ್ನಾಯುಗಳ ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ, ಮನಸ್ಸಿಗೆ ಇದೆ. ಸುಮಾರು ಒಂದು ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞರು ಜಾಲಾಡಿದಾಗ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಮುಗಿಸಿದವರು ಗುಡ್ಡೆಯಾಗಿ ಸಿಕ್ಕರು, ಸ್ವಲ್ಪ ನಂತರ ಮುಗಿಸಿದವರ ಸಂಖ್ಯೆ ತಟ್ಟನೆ ಕುಸಿದಿತ್ತು. ದುಂಡು ಅಂಕಿ ಕಣ್ಣಿಗೆ ಬಿದ್ದರೆ ದಣಿದ ಕಾಲೂ ಇನ್ನಷ್ಟು ಬೀಸುತ್ತದೆ.

ಕೊನೆಯದಾಗಿ, ಗೆಳೆಯರ ಓಟ ನಮ್ಮನ್ನು ಓಡಿಸುತ್ತದೆಯೇ, ಅಥವಾ ಓಡುವ ಚಾಳಿಯವರೇ ಗೆಳೆಯರಾಗುತ್ತಾರೆಯೇ? ಇದನ್ನು ಬಿಡಿಸಲು ಅಮೆರಿಕದ ಎಂಐಟಿಯ ಸಿನಾನ್ ಆರಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ ಮಳೆಯನ್ನು ಬಳಸಿಕೊಂಡರು. 11 ಲಕ್ಷ ಓಟಗಾರರ ಐದು ವರ್ಷಗಳ ದಾಖಲೆ ಅವರ ಕೈಯಲ್ಲಿತ್ತು. ದೂರದ ಊರಿನ ಗೆಳೆಯನ ಊರಲ್ಲಿ ಮಳೆ ಬಂದು ಅವನು ಮನೆಯಲ್ಲೇ ಉಳಿದರೆ, ಬಿಸಿಲಿರುವ ನಿಮ್ಮ ಊರಲ್ಲಿ ನೀವೂ ಕಡಿಮೆ ಓಡುತ್ತೀರಾ? ಹೌದು ಎಂದು 2017ರಲ್ಲಿ ಅವರು ತೋರಿಸಿದರು: ಗೆಳೆಯರು ಒಂದು ಕಿಲೋಮೀಟರ್ ಹೆಚ್ಚು ಓಡಿದರೆ ಅವತ್ತು ನಾವು ಸುಮಾರು 300 ಮೀಟರ್ ಹೆಚ್ಚು ಓಡುತ್ತೇವೆ. ನನಗೆ ತುಂಬ ಹಿಡಿಸಿದ್ದು ಅದರ ಇನ್ನೊಂದು ಭಾಗ. ಹೆಚ್ಚು ಓಡುವವರನ್ನು ಹುರಿದುಂಬಿಸುವವರು ಕಡಿಮೆ ಓಡುವವರು. ಅದರ ತಿರುಗುಮುರುಗು ಅಷ್ಟಾಗಿ ನಡೆಯುವುದಿಲ್ಲ. ಹಿಂದೆ ಬೀಳುವವರು ಗುಂಪಿಗೆ ಹೊರೆ ಎಂಬ ಮಾತನ್ನು ಈ ಲೆಕ್ಕ ಸುಳ್ಳು ಮಾಡುತ್ತದೆ.

ಬ್ರಿಟನ್ನಿನ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ 2018ರಲ್ಲಿ ಪಾರ್ಕ್‌ರನ್ ಜೊತೆ ಕೈಜೋಡಿಸಿತು. ಅಂದಿನಿಂದ ಅಲ್ಲಿನ ಎಷ್ಟೋ ವೈದ್ಯರು ರೋಗಿಗಳಿಗೆ ಗುಳಿಗೆಯ ಜೊತೆ ಶನಿವಾರದ ಪಾರ್ಕನ್ನೂ ಸೂಚಿಸುತ್ತಿದ್ದಾರೆ. ಅಲ್ಲಿ ಯಾರೂ ಕೊನೆಯವರಾಗದಂತೆ ಒಂದು ಏರ್ಪಾಡಿದೆ. ಪ್ರತಿ ಓಟಕ್ಕೂ ಸ್ವಯಂಸೇವಕರೊಬ್ಬರು ಎಲ್ಲರಿಗಿಂತ ಹಿಂದೆ, ತೀರಾ ನಿಧಾನವಾಗಿ ಬರುವವರ ಜೊತೆ ಮಾತಾಡುತ್ತ ನಡೆದು ಬರುತ್ತಾರೆ. ಕೊನೆಯ ನಂಬರು ಯಾವಾಗಲೂ ಅವರದೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗುಂಪು ಕಟ್ಟಿಕೊಂಡು ಓಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವಾರದಿಂದಲೇ ಸರದಿಯಂತೆ ಒಬ್ಬರನ್ನು ಆ ಕೆಲಸಕ್ಕೆ ನಿಲ್ಲಿಸಿ.