ಲಾವೋ ಮಾತು ನಾರ್ವೆ ಮಾತಾಗುವುದು ಹೇಗೆ?

ನಮ್ಮ ಶಾಲೆಯ ಭೂಪಟದಲ್ಲಿ ವಿಯೆಟ್ನಾಂ ಮತ್ತು ಥಾಯ್ಲೆಂಡ್ ನಡುವೆ ಒಂದು ಉದ್ದನೆಯ ದೇಶ ಇದೆ. ಅದೇ ಲಾವೋಸ್. ಅದಕ್ಕೆ ಸಮುದ್ರವೇ ಇಲ್ಲ. ರಾಜಧಾನಿ ವಿಯೆಂಟಿಯಾನ್ ಮೆಕಾಂಗ್ ನದಿಯ ದಂಡೆಯಲ್ಲಿದೆ. ನಾರ್ವೆ ಯುರೋಪಿನ ಉತ್ತರದ ತುದಿ, ಅಲ್ಲಿ ಎಲ್ಲಿ ನೋಡಿದರೂ ಕರಾವಳಿ. ಇವೆರಡರ ಭಾಷೆಗಳಿಗೆ ಯಾವ ನೆಂಟಸ್ತನವೂ ಇಲ್ಲ. ಹಾಗಿದ್ದರೆ ಇಲ್ಲಿನ ದಿನಬಳಕೆಯ ಮಾತನ್ನು ಅಲ್ಲಿಗೆ ಹೇಗೆ ಸಾಗಿಸುವುದು? ನಾನು ಓದಿ ತಿಳಿದದ್ದನ್ನು ಬರೆಯುತ್ತೇನೆ.

ನಮಸ್ಕಾರ ಅನ್ನುವುದು ಸುಲಭ. ಲಾವೋದಲ್ಲಿ ‘ಸಬಾಯ್ ದೀ’, ನಾರ್ವೆಯಲ್ಲಿ ‘ಹೈ’. ಕಷ್ಟ ಶುರುವಾಗುವುದು ಅದರ ಮುಂದಿನ ಮಾತಿಗೆ. ಲಾವೋಸಿನಲ್ಲಿ ಎದುರಾದವರನ್ನು ‘ಕಿನ್ ಖಾವ್ ಲೇವ್ ಬೋ?’ ಅಂತ ಕೇಳುತ್ತಾರೆ. ‘ಅನ್ನ ಉಂಡೆಯಾ?’ ಅಂತ ಅರ್ಥ. ನಮಗೆ ಇದು ಥಟ್ಟನೆ ತಿಳಿಯುತ್ತದೆ, ನಮ್ಮ ‘ಊಟ ಆಯ್ತಾ?’ ಇದ್ದ ಹಾಗೇ. ಅದನ್ನೇ ನಾರ್ವೆಯವನಿಗೆ ಪದಕ್ಕೆ ಪದ ಹೇಳಿದರೆ, ಇವರು ನನಗೆ ಊಟ ಹಾಕುತ್ತಾರೆ ಅಂದುಕೊಂಡಾನು! ಅವರದ್ದೂ ಒಂದು ಚೆಂದದ ಮಾತಿದೆ, ‘ತಕ್ ಫೊರ್ ಸಿಸ್ತ್’. ಅಂದರೆ ‘ಹೋದ ಸಲ ಸಿಕ್ಕಿದ್ದಕ್ಕೆ ಥ್ಯಾಂಕ್ಸ್’. ಉಂಡು ಏಳುವಾಗ ‘ತಕ್ ಫೊರ್ ಮಾತೆನ್’, ಊಟಕ್ಕೆ ಥ್ಯಾಂಕ್ಸ್ ಅನ್ನುತ್ತಾರೆ, ಸ್ವಂತ ಅಮ್ಮನಿಗೂ ಸಹ. ನಮ್ಮ ಮನೆಯಲ್ಲಿ ಹೀಗಂದರೆ ಅಮ್ಮ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ.

ಲಾವೋದಲ್ಲಿ ರಾಗ ಬದಲಾದರೆ ಅರ್ಥವೇ ಬದಲು. ‘ಮಾ’ ಅಂದರೆ ಬಾ. ಇನ್ನೊಂದು ರಾಗದಲ್ಲಿ ನಾಯಿ, ಮತ್ತೊಂದರಲ್ಲಿ ಕುದುರೆ. ನಾರ್ವೆಯವರಿಗೂ ರಾಗದ ಗಂಧ ಸ್ವಲ್ಪ ಇದೆ. ಅವರಲ್ಲಿ ರೈತರು ಅನ್ನುವುದಕ್ಕೂ ಹುರುಳಿಕಾಯಿ ಅನ್ನುವುದಕ್ಕೂ ಉಚ್ಚಾರ ಒಂದೇ, ರಾಗ ಮಾತ್ರ ಬೇರೆ.

ಇನ್ನು ‘ನೀನು’ ಅನ್ನೋ ಪದದ ಪೇಚು. ನಾರ್ವೆಯಲ್ಲಿ ಈಗ ಎಲ್ಲರಿಗೂ ಒಂದೇ, ‘ದು’. ಮಕ್ಕಳು ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ (ನಮ್ಮ ಗುರುಗಳು ಇದನ್ನು ಓದಿ ಸಿಟ್ಟಾಗಬಾರದು). ಲಾವೋದಲ್ಲಿ ಹಾಗೆ ನಡೆಯಲ್ಲ. ಅಣ್ಣನಂಥವನಿಗೆ ‘ಆಯ್’, ಅಕ್ಕನಂಥವಳಿಗೆ ಇನ್ನೊಂದು ಪದ, ಕಿರಿಯರಿಗೆ ‘ನೋಂಗ್’. ಶಿಕ್ಷಕರಿಗೆ ‘ಖೂ’, ಇದು ನಮ್ಮ ‘ಗುರು’ ಶಬ್ದವೇ ಅಲ್ಲಿಗೆ ಹೋಗಿ ಹಾಗಾದದ್ದು. ನಾರ್ವೆಯ ‘ದು’ವನ್ನು ಲಾವೋಗೆ ತರುವವನು ಮೊದಲು ಎದುರಿನವರ ವಯಸ್ಸು ಕೇಳಿಕೊಳ್ಳಬೇಕು. ಅಣ್ಣ ತಮ್ಮ ಇಬ್ಬರಿಗೂ ನಾರ್ವೆಯಲ್ಲಿ ‘ಬ್ರೂರ್’ ಒಂದೇ ಪದ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೊಡಕಿನದು ‘ಬೋ ಪೆನ್ ಞಙ್’. ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಞ, ಙ ಎರಡೂ ಇದರಲ್ಲಿ ಕೆಲಸಕ್ಕೆ ಬರುತ್ತವೆ! ಪದಶಃ ಅರ್ಥ ‘ಏನೂ ಅಲ್ಲ’. ಥ್ಯಾಂಕ್ಸ್ ಅಂದರೂ ಬೋ ಪೆನ್ ಞಙ್, ಕಾಲು ತುಳಿದು ಕ್ಷಮಿಸಿ ಅಂದರೂ ಬೋ ಪೆನ್ ಞಙ್, ಬೇಜಾರಾದವರನ್ನು ಸಮಾಧಾನ ಮಾಡಲಿಕ್ಕೂ ಅದೇ. ನಾರ್ವೆಯಲ್ಲಿ ಸಂದರ್ಭ ನೋಡಿ ಬೇರೆ ಬೇರೆ ಮಾತು ಹುಡುಕಬೇಕು.

ಇದು ಬರೀ ತಮಾಷೆಯ ವಿಷಯ ಅಲ್ಲ. 1964ರಿಂದ 1973ರವರೆಗೆ ಅಮೆರಿಕ ಲಾವೋಸಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಅದರಲ್ಲಿ ಚೆಂಡಿನಷ್ಟು ಚಿಕ್ಕ ಬಾಂಬುಗಳೇ ಕೋಟಿಗಟ್ಟಲೆ. ಸಿಡಿಯದೆ ಉಳಿದವು ಇವತ್ತಿಗೂ ಗದ್ದೆಯ ಮಣ್ಣಿನಲ್ಲಿವೆ. ಅಲ್ಲಿಯ ಜನ ಅವನ್ನು ‘ಬಾಂಬಿ’ ಅನ್ನುತ್ತಾರೆ. ಮಕ್ಕಳು ಆಟದ ಚೆಂಡು ಅಂತ ಎತ್ತಿಕೊಂಡು ಸತ್ತಿದ್ದಾರೆ. ಅವನ್ನು ತೆಗೆಯುವ ಕೆಲಸದಲ್ಲಿ ನಾರ್ವೆಯ ಸಂಸ್ಥೆಯೊಂದು ಲಾವೋಸಿನಲ್ಲಿ ದುಡಿದಿದೆ. ಈಗ ಯೋಚಿಸಿ ನೋಡಿ. ‘ನಿಮ್ಮ ಗದ್ದೆಯಲ್ಲಿ ಏನಾದರೂ ಇದೆಯಾ?’ ಅಂತ ಕೇಳಿದಾಗ ಮುದುಕರೊಬ್ಬರು ಸಂಕೋಚದಿಂದ ‘ಬೋ ಪೆನ್ ಞಙ್’ ಅಂದರೆ, ದುಭಾಷಿ ಅದನ್ನು ‘ಏನೂ ಇಲ್ಲ’ ಅಂತ ಬರೆಸಿಬಿಡಬಹುದೇ? ಅವರು ‘ಇರಲಿ ಬಿಡಿ, ನಿಮಗ್ಯಾಕೆ ತೊಂದರೆ’ ಅಂದಿರಬಹುದು. ದುಭಾಷಿಯಾದವನು ಮತ್ತೊಮ್ಮೆ ಕೇಳಬೇಕು: ಉಳುವಾಗ ಕಬ್ಬಿಣ ತಾಗಿತ್ತಾ? ಯಾವ ಬದುವಿನ ಹತ್ತಿರ? ಎಷ್ಟು ಆಳ?

ಈ ಜಾತಿಯ ಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದು 2008ರ ಡಿಸೆಂಬರಿನಲ್ಲಿ, ನಾರ್ವೆಯ ರಾಜಧಾನಿ ಓಸ್ಲೋದಲ್ಲಿ. ಒಪ್ಪಿದ ದೇಶಗಳ ಮೊದಲ ಸಭೆ 2010ರ ನವೆಂಬರಿನಲ್ಲಿ ವಿಯೆಂಟಿಯಾನಿನಲ್ಲಿ ನಡೆಯಿತು.