ಇಬ್ಬರೇ ಹೊರಡುವ ಮುನ್ನ

ಮಕ್ಕಳು ದೊಡ್ಡವರಾದ ಮೇಲೆ ಕ್ರಿಸ್‌ಮಸ್ ರಜೆಯಲ್ಲಿ ದಂಪತಿಗಳಿಬ್ಬರೇ ಲಂಡನ್ನಿಗೆ ಹೋಗಿಬರುವುದು ಇಂದು ನಮ್ಮವರಲ್ಲಿಯೂ ಅಪರೂಪವಲ್ಲ. ಟಿಕೆಟ್, ವೀಸಾ, ವಿದೇಶೀ ವಿನಿಮಯಗಳ ಲೆಕ್ಕವನ್ನು ಪೈಸೆ ಬಿಡದೆ ಹಾಕುವವರೂ ಆರೋಗ್ಯದ ಲೆಕ್ಕವನ್ನು ಮರೆಯುವುದುಂಟು.

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ನಗರ ಸಾರಿಗೆಯ ಬಸ್ಸೂ ಇಲ್ಲ, ಸುರಂಗ ರೈಲೂ ಇಲ್ಲ; ಔಷಧದ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಆದುದರಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಇನ್ಸುಲಿನ್ ಕೂಡ ಅಲ್ಲಿಯೇ ಇರಲಿ. ವಿಮಾನದ ಸಾಮಾನು ಕೋಣೆಯ ಚಳಿಗೆ ಅದು ಕೆಡಬಹುದು. ದೀರ್ಘ ಹಾರಾಟದಲ್ಲಿ ಆಗಾಗ ಎದ್ದು ನಡೆದಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವುಂಟು.

ಅಲ್ಲಿನ ಸರಕಾರೀ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಆರೈಕೆ ಉಚಿತ. ಆದರೆ ಒಳರೋಗಿಯಾಗಿ ದಾಖಲಾದರೆ ಪ್ರವಾಸಿಯು ಹಣ ತೆರಬೇಕು. ಇರುವ ಕಾಯಿಲೆಯನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಟ್ಟು ಕಂತಿನಲ್ಲಿ ಉಳಿಸಿದ ಹಣ, ಕ್ಲೇಮು ತಿರಸ್ಕೃತವಾದಾಗ ಹಲವು ಪಟ್ಟು ನಷ್ಟವಾಗಿ ಪರಿಣಮಿಸುತ್ತದೆ.

ಇಲ್ಲಿಯಾದರೆ ನೆರೆಹೊರೆಯವರಿದ್ದಾರೆ. ಪರದೇಶದಲ್ಲಿ ಪತಿಗೆ ಪತ್ನಿ, ಪತ್ನಿಗೆ ಪತಿ, ಇಬ್ಬರೇ ಪರಸ್ಪರ ಆಸರೆ. ಒಬ್ಬರ ಕಾಯಿಲೆ, ಔಷಧ, ಅದರ ಪ್ರಮಾಣಗಳನ್ನು ಇನ್ನೊಬ್ಬರು ಬರೆದಿಟ್ಟುಕೊಂಡಿರಲಿ; ಅಲ್ಲಿನ ತುರ್ತು ದೂರವಾಣಿ ಸಂಖ್ಯೆ 999 ಇಬ್ಬರಿಗೂ ನೆನಪಿರಲಿ. ಇಷ್ಟಾದ ಮೇಲೆ ಥೇಮ್ಸ್ ನದಿಯ ದಂಡೆಯಲ್ಲಿ ನಿಶ್ಚಿಂತೆಯಿಂದ ವಿಹರಿಸಲು ಅಡ್ಡಿಯೇನು?