ಹೇಳುವುದಕ್ಕೊಂದು ಕಚೇರಿ, ಕೇಳುವುದಕ್ಕೆ?

ಜಿಲ್ಲಾ ವಾರ್ತಾಧಿಕಾರಿಯ ಕುರ್ಚಿಗೆ ಹೊಸದಾಗಿ ಬರುವ ಪ್ರತಿಯೊಬ್ಬರೂ ಮೊದಲ ದಿನವೇ ಓದಬೇಕಾದ ಒಂದು ಸರ್ಕಾರಿ ಆದೇಶವಿದೆ. ಅದರ ತಾರೀಖು 1881ರ ಆಗಸ್ಟ್ 25. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದು ಆಗಿನ್ನೂ ಐದು ತಿಂಗಳು. ದಿವಾನರು ಸಿ. ರಂಗಾಚಾರ್ಲು. ಆದೇಶದ ತಿರುಳು ಇಷ್ಟು: ಸರ್ಕಾರ ಏನು ಮಾಡುತ್ತಿದೆ, ಯಾಕೆ ಮಾಡುತ್ತಿದೆ ಎಂಬುದು ಯಾರ ಹಿತಕ್ಕಾಗಿ ಅದನ್ನು ಮಾಡುತ್ತಿದೆಯೋ ಆ ಜನಕ್ಕೆ ಚೆನ್ನಾಗಿ ತಿಳಿದಿರಬೇಕು. ಅದಕ್ಕಾಗಿ ವರ್ಷಕ್ಕೊಮ್ಮೆ ಎಲ್ಲ ಕಡೆಯ ಭೂಹಿಡುವಳಿದಾರರನ್ನೂ ವರ್ತಕರನ್ನೂ ಒಂದೆಡೆ ಸೇರಿಸಬೇಕು. ಕಳೆದ ವರ್ಷ ಏನಾಯಿತು, ಬರುವ ವರ್ಷ ಏನು ಮಾಡಬೇಕೆಂದಿದ್ದೇವೆ ಎಂಬುದನ್ನು ದಿವಾನರು ಅವರ ಮುಂದಿಡಬೇಕು.

ಪ್ರಜಾಪ್ರತಿನಿಧಿ ಸಭೆಯ ಹುಟ್ಟೆಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ಪ್ರಜಾಪ್ರಭುತ್ವದ ಮೊದಲ ಮೆಟ್ಟಿಲು ಎಂದು ಪಾಠ ಹೇಳಿತ್ತು. ಆದರೆ ಆದೇಶವನ್ನು ಮತ್ತೊಮ್ಮೆ ಓದಿದರೆ ಅದು ಮೊದಲಿಗೆ ಸಾರ್ವಜನಿಕ ಸಂಪರ್ಕದ ಸನ್ನದಿನಂತೆಯೇ ಕಾಣುತ್ತದೆ. ಸರ್ಕಾರಕ್ಕೊಂದು ಬಾಯಿ ಬೇಕು, ಆ ಬಾಯಿ ಕೆಲಸ ನಡೆಯುವ ಮೊದಲೇ ತೆರೆಯಬೇಕು, ಎದುರಿಗೆ ಕೂತವರು ಆಡುವ ಮಾತಿಗೆ ಕಿವಿಯೂ ಇರಬೇಕು. ಇಂದಿನ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಬೇರು ಅಲ್ಲಿದೆ ಎಂಬುದು ನನ್ನ ನಂಬಿಕೆ.

ಮೊದಲ ಸಭೆ ಸೇರಿದ್ದು ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, ಮೈಸೂರಿನಲ್ಲಿ. ಬಂದವರು 144 ಮಂದಿ. ಬೆಂಗಳೂರಿನಿಂದ ಹೊರಟ ರೈಲು ಆಗಿನ್ನೂ ಮೈಸೂರು ಮುಟ್ಟಿರಲಿಲ್ಲ, ತುಮಕೂರಿಗೆ ರೈಲು ಬರುವುದಕ್ಕೆ 1884 ಆಗಬೇಕಿತ್ತು. ತುಮಕೂರು ಸೀಮೆಯಿಂದ ಹೊರಟವರಿಗೆ ಬಹುಪಾಲು ದಾರಿ ಗಾಡಿಯದ್ದೇ. ಅವರು ಹೊತ್ತುಕೊಂಡು ಹೋದ ಸಂಕಟವನ್ನೂ ನೆನೆಯಬೇಕು. 1876–78ರ ಬರ ಆಗತಾನೆ ಕಳೆದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ಊರೂರೇ ಬರಿದಾಗಿದ್ದ ಕಾಲದಲ್ಲಿ ಬರುವ ವರ್ಷ ಸರ್ಕಾರ ಏನು ಮಾಡುತ್ತದೆ ಎಂಬುದು ರೈತನಿಗೆ ಬದುಕಿನ ಪ್ರಶ್ನೆ. ಅದಕ್ಕೆ ಉತ್ತರವನ್ನು ಸಂಸ್ಥಾನದ ದಿವಾನರೇ ಎದುರು ನಿಂತು ಹೇಳಿದರು. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರು ಹಾಕಿಕೊಟ್ಟ ಪದ್ಧತಿ 1949ರವರೆಗೆ ನಡೆಯಿತು.

1881ರ ಸಭೆಗೂ ಮೊದಲು ಸರ್ಕಾರದ ಮಾತು ಹಳ್ಳಿಗೆ ಮುಟ್ಟುತ್ತಿದ್ದದ್ದು ಡಂಗುರದಿಂದ. ಕಂದಾಯದ ಕೊನೇ ದಿನ, ಅಮಲ್ದಾರರ ಸವಾರಿ, ಯಾವುದೇ ಇರಲಿ, ತಮಟೆ ಬಡಿದು ಸಾರುತ್ತಿದ್ದವರು ತೋಟಿ ತಳವಾರರು. ಊರೊಳಗೆ ಸರಿಸಮನಾಗಿ ಕೂರಲು ಬಿಡದ ಜನರ ಕೈಯಲ್ಲೇ ದೊರೆತನದ ಆಜ್ಞೆಯನ್ನು ಸಾರಿಸಲಾಗುತ್ತಿತ್ತು ಎಂಬುದನ್ನು ಮರೆಯಬಾರದು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ವಂಶಪಾರಂಪರ್ಯದ ಚಾಕರಿಗೆ ಕೊನೆ ಹಾಡಿತು. ಸರ್ಕಾರದ ಕಿವಿಯಾಗಿದ್ದದ್ದು ಅಂಚೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಳೆದ ಮೈಸೂರಿನ ಅಂಚೆ ಕಾಗದ ಸಾಗಿಸುವುದರ ಜೊತೆಗೆ ಸೀಮೆ ಸೀಮೆಯ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಒಪ್ಪಿಸುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಲೀನವಾಯಿತು. ಡಂಗುರ ಹೇಳುತ್ತಿತ್ತು, ಅಂಚೆ ಕದ್ದು ಕೇಳುತ್ತಿತ್ತು. ಹೇಳುವುದನ್ನೂ ಕೇಳುವುದನ್ನೂ ಹಗಲಲ್ಲಿ, ಒಂದೇ ಚಾವಣಿಯ ಕೆಳಗೆ ತಂದದ್ದೇ 1881ರ ದೊಡ್ಡತನ.

ಆ ದೊಡ್ಡತನ ಬಹಳ ದಿನ ಬಾಳಲಿಲ್ಲ. ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಏಳತೊಡಗಿದಾಗ ಸರ್ಕಾರಕ್ಕೆ ಸಿಟ್ಟು ಬಂತು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ನಿಬಂಧನೆ ಜಾರಿಗೆ ಬಂತು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು ಎಂದಿತು ಅದು. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು, ಜನ ಪ್ರೀತಿಯಿಂದ ತಾತಯ್ಯ ಎಂದು ಕರೆದ ಮೇಷ್ಟ್ರು, ಇದನ್ನು ಎದುರಿಸಿದವರಲ್ಲಿ ಮುಂಚೂಣಿಯವರು. ಜನರ ಮುಂದೆ ಲೆಕ್ಕ ಒಪ್ಪಿಸಲು ದಿವಾನರೇ ಎದ್ದು ನಿಂತ ಸಂಸ್ಥಾನದಲ್ಲಿ, 27 ವರ್ಷಗಳೊಳಗೆ, ಬರೆಯುವವರ ಕೈ ಹಿಡಿಯುವ ಕಾನೂನು ಬಂದದ್ದು ನನಗೆ ಇಂದಿಗೂ ಬೇಸರ ತರಿಸುವ ಸಂಗತಿ. ಸರ್ಕಾರದ ಸಂಪರ್ಕಾಧಿಕಾರಿ ಎಂಬ ಹುದ್ದೆ ಮುಂದೆ ರೂಪುಗೊಂಡದ್ದು ಈ ಎರಡು ಸೆಳೆತಗಳ ನಡುವೆಯೇ: ಮುಕ್ತವಾಗಿ ತಿಳಿಸುವ ಆಸೆ, ಬೇಡದ್ದನ್ನು ಬರೆಯದಂತೆ ನೋಡಿಕೊಳ್ಳುವ ಆತುರ.

1930ರ ದಶಕದ ಕೊನೆಗೆ ಸಂಸ್ಥಾನ ತನ್ನದೇ ಮಾಹಿತಿ ಪತ್ರಿಕೆ ಹೊರಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಪಂಚವಾರ್ಷಿಕ ಯೋಜನೆಗಳ ಜೊತೆಗೆ ಪ್ರಚಾರವೂ ಒಂದು ಇಲಾಖೆಯಾಗಿ ಬೆಳೆಯಿತು. ‘ಜನಪದ’, ‘ಮಾರ್ಚ್ ಆಫ್ ಕರ್ನಾಟಕ’ ಮಾಸಪತ್ರಿಕೆಗಳು ಬಂದವು. ಜೀಪಿನ ಮೇಲೆ ಧ್ವನಿವರ್ಧಕ ಕಟ್ಟಿದ ಪ್ರಚಾರ ವಾಹನ ಊರಿಗೆ ಬಂದರೆ ಸಂಜೆ ಶಾಲೆಯ ಬಯಲಿನಲ್ಲಿ ಬಿಳಿ ಪರದೆ ಏಳುತ್ತಿತ್ತು. ಫಿಲಂಸ್ ಡಿವಿಜನ್‌ನ ಸಾಕ್ಷ್ಯಚಿತ್ರದಲ್ಲಿ ಅಣೆಕಟ್ಟು, ಸಿಡುಬಿನ ಲಸಿಕೆ, ಹೊಸ ತಳಿಯ ಬಿತ್ತನೆ. ಆ ಪ್ರಚಾರಾಧಿಕಾರಿಗಳಿಗೆ ಜನರ ಮುಖ ಕಾಣುತ್ತಿತ್ತು. ಪರದೆ ಮಡಚುವ ಹೊತ್ತಿಗೆ ಯಾರಾದರೊಬ್ಬ ಹಿರೀಕರು ಬಂದು, ಸ್ವಾಮಿ, ನಮ್ಮೂರ ಕೆರೆ ಏರಿ ಒಡೆದು ಎರಡು ವರ್ಷ ಆಯ್ತು, ಅದರ ಸಿನಿಮಾ ಯಾವಾಗ ಎಂದು ಕೇಳಿಬಿಡಬಹುದಿತ್ತು. ನಾಟಕವನ್ನೂ ಇಲಾಖೆ ಬಳಸಿಕೊಂಡಿತು. 1884ರಲ್ಲೇ ನಾಟಕ ಕಂಪನಿ ಕಟ್ಟಿ ಗುಬ್ಬಿ ವೀರಣ್ಣನವರಂಥ ಕಲಾವಿದರನ್ನು ನಾಡಿಗೆ ಕೊಟ್ಟ ಗುಬ್ಬಿಯ ಸುತ್ತಮುತ್ತ, ಸರ್ಕಾರಿ ಯೋಜನೆಯ ಬೀದಿ ನಾಟಕವಾದರೂ ಪಾತ್ರಧಾರಿ ತಡವರಿಸಿದರೆ ಜನ ಎದ್ದು ಹೋಗುತ್ತಾರೆ. ಪ್ರೇಕ್ಷಕ ಎದ್ದು ಹೋಗುವುದೂ ಒಂದು ಉತ್ತರವೇ.

ಇಂದಿನ ವಾರ್ತಾ ಕಚೇರಿಯ ದಿನಚರಿ ಬೇರೆ. ಬೆಳಿಗ್ಗೆ ಪೇಪರ್ ಕಟಿಂಗ್ ತೆಗೆದು ಜಿಲ್ಲಾಧಿಕಾರಿಗೆ ಕಳಿಸುವುದು, ಸಚಿವರ ಪ್ರವಾಸ ಕಾರ್ಯಕ್ರಮ ಹಂಚುವುದು, ಕೆಡಿಪಿ ಸಭೆಯ ವರದಿ, ಪತ್ರಿಕಾಗೋಷ್ಠಿ, ಸಂಜೆಗೆ ಫೋಟೊ ಸಮೇತ ಪ್ರೆಸ್ ನೋಟ್. ಚುನಾವಣೆ ಬಂದರೆ ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡುವ ಸಮಿತಿಯ ಕೆಲಸವೂ ಸೇರುತ್ತದೆ. ತುಮಕೂರು ಜಿಲ್ಲೆಯಲ್ಲಾದರೆ ಪಾವಗಡದಿಂದ ಕುಣಿಗಲ್‌ವರೆಗೆ ಹತ್ತು ತಾಲ್ಲೂಕು. ಕೆಲಸ ಹಗುರದ್ದಲ್ಲ, ಮಾಡುವವರಲ್ಲಿ ನಿಷ್ಠೆಗೆ ಕೊರತೆಯೂ ಇಲ್ಲ. ಆದರೆ ವಾಟ್ಸಾಪ್ ಗುಂಪಿಗೆ ಬೀಳುವ ಪ್ರಕಟಣೆಗಳನ್ನು ಒಂದು ವಾರ ಓದಿ ನೋಡಿ. ನಡೆದು ಹೋದ ಸಭೆ, ಮುಗಿದ ಉದ್ಘಾಟನೆ, ಹಚ್ಚಿದ ದೀಪ. ಬರುವ ವರ್ಷ ಏನು ಮಾಡಬೇಕೆಂದಿದ್ದೇವೆ ಎಂಬ ರಂಗಾಚಾರ್ಲು ಅವರ ಎರಡನೇ ಅರ್ಧ ಅಲ್ಲಿ ಸಿಗುವುದು ಅಪರೂಪ.

ಯಾವ ಮಾತನ್ನು ಯಾವ ಹೊತ್ತಿನಲ್ಲಿ ಹೇಳಬೇಕು ಎಂಬ ವಿವೇಕಕ್ಕೆ ತುಮಕೂರಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದದ್ದು ಬೆಳಿಗ್ಗೆ 11.44ಕ್ಕೆ. ನಾಡಿಗೆ ಅಧಿಕೃತವಾಗಿ ತಿಳಿದದ್ದು ಮಧ್ಯಾಹ್ನ, ಮಠದ ಸಾವಿರಾರು ಮಕ್ಕಳ ಊಟ ಮುಗಿದ ಮೇಲೆ. ಮಕ್ಕಳು ಹಸಿದುಕೊಂಡು ಏಳಬಾರದೆಂಬುದು ಸ್ವಾಮೀಜಿಯವರ ಇಚ್ಛೆಯಾಗಿತ್ತು ಎಂದು ಆಗ ವರದಿಯಾಯಿತು. ಸುದ್ದಿಯನ್ನು ಕೇಳಿಸಿಕೊಳ್ಳುವವರ ಹೊಟ್ಟೆಯನ್ನು ಮೊದಲು ನೋಡಿದ ಆ ನಿರ್ಧಾರ ಯಾವ ಸಂಪರ್ಕಾಧಿಕಾರಿಗೂ ಪಾಠ.

ಅದೇ ಜಿಲ್ಲೆಯಲ್ಲಿ ಆ ವಿವೇಕ ಕಾಣದೆ ಹೋದದ್ದು ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ. ತುಮಕೂರು ನಾಲೆಯ 70ನೇ ಕಿಲೋಮೀಟರಿನ ಹತ್ತಿರ, ಗುಬ್ಬಿ ಸೀಮೆಯಲ್ಲಿ ನೀರು ತೆಗೆದು ಪೈಪಿನಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ, ಸುಮಾರು ಸಾವಿರ ಕೋಟಿ ರೂಪಾಯಿಯ ಯೋಜನೆ ಅದು. ನಾಲೆಯ ಟೇಲ್ ಎಂಡ್‌ನಲ್ಲಿರುವ ನಮಗೆ ನಮ್ಮ ಪಾಲಿನ ನೀರು ಯಾವತ್ತೂ ಪೂರ್ತಿ ಮುಟ್ಟಿಲ್ಲ ಎಂದರು ಕುಣಿಗಲ್‌ನವರು. ಜನಪದ ಹಾಡಿನಲ್ಲಿ ತುಂಬಿ ತುಳುಕುವ ಕೆರೆಯುಳ್ಳ ಊರಿನ ಮಾತು ಅದು. ಮಧ್ಯದಲ್ಲೇ ನೀರು ಹೋದರೆ ನಮ್ಮ ತೆಂಗು ಅಡಿಕೆಯ ಗತಿಯೇನು ಎಂದರು ಗುಬ್ಬಿಯವರು, ತುಮಕೂರಿನವರು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದಲ್ಲಿ ನಿಷೇಧಾಜ್ಞೆಯ ನಡುವೆಯೂ ಜನ ಸೇರಿದರು. ಯಾರ ಲೆಕ್ಕ ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಎರಡೂ ಕಡೆಯ ರೈತರನ್ನು ಒಂದೇ ಚಾವಣಿಯ ಕೆಳಗೆ ಕೂರಿಸಿ ಎಲ್ಲಿ ಎಷ್ಟು ನೀರು ಎಂಬ ಅಂಕಿ ಮುಂದಿಟ್ಟು ಉತ್ತರ ಕೊಡುವ ಕೆಲಸ, ಅವರು ನಂಬುವ ಮಟ್ಟಿಗೆ, ಗುಂಡಿ ತೋಡುವ ಮುಂಚೆ ಆಗಿದ್ದರೆ ಪೊಲೀಸ್ ವ್ಯಾನುಗಳು ಅಷ್ಟೊಂದು ಬೇಕಾಗುತ್ತಿತ್ತೇ?

ಇದು ಹಳೆಯ ಕಾಲದ ಕನಸು ಎನ್ನುವವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಉತ್ತರ. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಯನ್ನು ರೂಪಿಸುವಾಗಲೇ ಅದರ ಸಂಗತಿಗಳನ್ನು ಪ್ರಕಟಿಸಬೇಕು, ನಿರ್ಧಾರಕ್ಕೆ ಕಾರಣ ಏನೆಂದು ಬಾಧಿತರಿಗೆ ತಿಳಿಸಬೇಕು ಎನ್ನುತ್ತದೆ ಅದು, ಯಾರೂ ಅರ್ಜಿ ಹಾಕದಿದ್ದರೂ. ಅದಕ್ಕೂ ಐದು ವರ್ಷ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ರಂಗಾಚಾರ್ಲು ಸದಾಶಯದಿಂದ ಮಾಡಿದ್ದು ಈಗ ಕಾನೂನಿನ ಕಟ್ಟಳೆ.

ಹಾಗಾಗಿ ಕೇಳಬೇಕಾದದ್ದು ಹೊಸ ಇಲಾಖೆಯನ್ನಲ್ಲ, ಇರುವ ಕಚೇರಿಗೆ ಇನ್ನೊಂದು ಅಧಿಕಾರವನ್ನು. ದೊಡ್ಡ ಕಾಮಗಾರಿಯ ಟೆಂಡರ್ ಕರೆಯುವ ಮುನ್ನ ಆಯಾ ತಾಲ್ಲೂಕಿನಲ್ಲಿ ಸಭೆ ಕರೆಯುವ ಹೊಣೆ ವಾರ್ತಾಧಿಕಾರಿಗೆ ಇರಲಿ. ಅಲ್ಲಿ ಜನ ಎತ್ತಿದ ಪ್ರಶ್ನೆ, ಅಧಿಕಾರಿಗಳು ಕೊಟ್ಟ ಉತ್ತರ, ಎರಡೂ ಪ್ರೆಸ್ ನೋಟಿನಲ್ಲಿ ಬರಲಿ. ಉತ್ತರ ಕೊಡದ ಇಲಾಖೆಯ ಹೆಸರೂ ಬರಲಿ. ಗಾಡಿ ಹೂಡಿಕೊಂಡು ಮೈಸೂರಿಗೆ ಹೋದ ರೈತನಿಗೆ 1881ರಲ್ಲಿ ಸಿಕ್ಕ ಮರ್ಯಾದೆ ಗುಬ್ಬಿ, ಕುಣಿಗಲ್ ರೈತನಿಗೆ ಅವನ ಊರಿನಲ್ಲೇ ಸಿಗಬೇಕು. ವಾರ್ತಾ ಕಚೇರಿ ಇರುವುದೇ ಅದಕ್ಕೆ.